ಘಾಟಿ ಇಳಿಯೋಕೆ ಒಂದು ಸ್ಕೂಟರ್

ಸ್ಕೂಟರ್‌ನಲ್ಲಿ ಬೆಟ್ಟ ಸುತ್ತುತ್ತೇನೆ ಅಂದರೆ ಚಿಕ್ಕಮಗಳೂರಿನಲ್ಲಿ ಎಲ್ಲರೂ ಕೇಳೋದು ಒಂದೇ ಮಾತು: "ಹತ್ತುತ್ತಾ?" ಹತ್ತುತ್ತೆ. ಈಗಿನ 155 ಸಿಸಿ ಸ್ಕೂಟರ್‌ಗಳು ಇಬ್ಬರನ್ನು ಕೂರಿಸಿಕೊಂಡು ಮುಳ್ಳಯ್ಯನಗಿರಿ ರಸ್ತೆಯನ್ನು ಆರಾಮಾಗಿ ಹತ್ತುತ್ತವೆ. "ಇಳಿಯುತ್ತಾ?" ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಗಾಡಿಗೆ ಮಾಡಿಸಿದ ಕೆಲಸದಲ್ಲಿ ಮುಕ್ಕಾಲು ಪಾಲು ಇಳಿಯೋದಕ್ಕೇ ಹೋಯಿತು.

ಗಾಡಿ ಯಮಹಾ ಏರಾಕ್ಸ್ 155. 2021ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದದ್ದು. ನೀರಿನಿಂದ ತಣ್ಣಗಾಗುವ ಇಂಜಿನ್, ಸುಮಾರು 15 ಪಿಎಸ್ ಶಕ್ತಿ, 126 ಕೆಜಿ ತೂಕ. 14 ಇಂಚಿನ ಚಕ್ರ ಇರೋದೇ ನಾನು ಇದನ್ನು ಆರಿಸಿಕೊಳ್ಳೋಕೆ ದೊಡ್ಡ ಕಾರಣ. 10, 12 ಇಂಚಿನ ಚಕ್ರ ನಮ್ಮ ಮೂಡಿಗೆರೆ ಕಡೆಯ ಗುಂಡಿಗೆ ಇಳಿದರೆ ಮೇಲೆ ಬರೋಕೆ ಯೋಚನೆ ಮಾಡುತ್ತದೆ. 14 ಇಂಚು ದಾಟಿಕೊಂಡು ಹೋಗುತ್ತದೆ.

ಬೈಕ್ ಯಾಕೆ ಬೇಡ ಅಂತ ಕೇಳುವವರಿಗೆ ನನ್ನ ಎಡಗೈ ತೋರಿಸುತ್ತೇನೆ. ಮಣಿಕಟ್ಟು ಹಿಂದೊಮ್ಮೆ ಮುರಿದು ಕೂಡಿಕೊಂಡಿದೆ. ಪೇಟೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಹೇರ್‌ಪಿನ್ ತಿರುವುಗಳಲ್ಲಿ ಕ್ಲಚ್ ಹಿಡಿದು ಬಿಟ್ಟು ಮಾಡಿದರೆ ರಾತ್ರಿ ಊಟದ ತಟ್ಟೆ ಹಿಡಿಯೋಕೂ ಆಗುವುದಿಲ್ಲ. ಸ್ಕೂಟರ್‌ಗೆ ಕ್ಲಚ್ ಲಿವರ್ ಇಲ್ಲ, ಗೇರ್ ಇಲ್ಲ. ನನಗೆ ಬೇಕಾದದ್ದು ಅಷ್ಟೇ. ಹಿಂದೆ ಕೂರುವುದು ನನ್ನ ಹೆಂಡತಿ. ಅವಳಿಗೆ ಬೇಕಾದದ್ದು ಅಗಲ ಸೀಟು. ಅದೂ ಇದೆ.

ಕೊಂಡ ತಕ್ಷಣ ಏನನ್ನೂ ಮುಟ್ಟಲಿಲ್ಲ. ಒಂದು ಮಳೆಗಾಲ ಪೂರ್ತಿ ಕಂಪನಿ ಕೊಟ್ಟ ಹಾಗೇ ಓಡಿಸಿದೆ. ಕೈಮರ ದಾಟಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ. ಆ ಕಡೆ ಆಲ್ದೂರು, ಬಾಳೆಹೊನ್ನೂರು, ಕಳಸ. ಈ ಕಡೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ. ಗಾಡಿಗೆ ಏನು ಹಾಕಿಸಬೇಕು ಅಂತ ಯೋಚಿಸುವ ಮುಂಚೆ ಗಾಡಿ ಎಲ್ಲಿ ಸೋಲುತ್ತೆ ಅಂತ ಗೊತ್ತಿರಬೇಕಲ್ವಾ? ಮೊಬೈಲ್‌ನಲ್ಲಿ ವಿಡಿಯೋ ನೋಡಿ ಸಾಮಾನು ತರಿಸಿದರೆ ಕೊನೆಗೆ ಗಾಡಿ ತುಂಬ ಸಾಮಾನು ಇರುತ್ತದೆ, ಘಾಟಿಯಲ್ಲಿ ಕೆಲಸಕ್ಕೆ ಬರೋದು ಯಾವುದೂ ಇರುವುದಿಲ್ಲ.

ಹತ್ತುವಾಗ ನನಗೆ ದೊಡ್ಡ ದೂರು ಇರಲಿಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಾವಿರ ಮೀಟರ್ ಏರಿದರೆ ಇಂಜಿನ್ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಹೋಗುತ್ತದೆ. ನಮ್ಮ ಊರೇ ಸಾವಿರ ಮೀಟರ್ ಮೇಲಿದೆ, ಮುಳ್ಳಯ್ಯನಗಿರಿ ತುದಿ 1,930 ಮೀಟರ್. ಅಂದರೆ ಮೇಲೆ ಹೋಗುವಷ್ಟರಲ್ಲಿ ಮಂಗಳೂರಿನಲ್ಲಿ ಸಿಗುವ ಶಕ್ತಿಯಲ್ಲಿ ಐದನೇ ಒಂದು ಪಾಲು ಇರುವುದಿಲ್ಲ. ಆದರೂ ಗಾಡಿ ನಿಲ್ಲಲಿಲ್ಲ, ಯಾರನ್ನೂ ಇಳಿಸಿ ತಳ್ಳಲಿಲ್ಲ. ನಿಧಾನ ಆಗುತ್ತದೆ ಅಷ್ಟೇ. ಬೆಟ್ಟ ನೋಡೋಕೆ ತಾನೇ ಹೋಗೋದು?

ಇಳಿಯುವಾಗಿನ ಕಥೆ ಬೇರೆ. ಗೇರ್ ಇರುವ ಬೈಕಿನಲ್ಲಿ ಎರಡನೇ ಗೇರ್‌ಗೆ ಹಾಕಿ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಸ್ಕೂಟರ್‌ನಲ್ಲಿ ಆ ಸೌಕರ್ಯ ಅರ್ಧಂಬರ್ಧ. ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ಸ್ವಲ್ಪ ಹಿಡಿಯುತ್ತದೆ ನಿಜ. ಆದರೆ ವೇಗ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತಿದ್ದಂತೆ ಒಳಗಿನ ಕ್ಲಚ್ ತಾನಾಗೇ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಗಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟ ಹಾಗೆ ಜಾರುತ್ತದೆ. ಹೇರ್‌ಪಿನ್ ತಿರುವಿಗೆ ನಿಧಾನ ಮಾಡಿಕೊಂಡು ಬಂದಾಗಲೇ, ಅಂದರೆ ಹಿಡಿತ ಹೆಚ್ಚು ಬೇಕಾದ ಜಾಗದಲ್ಲೇ, ಇದು ಆಗೋದು. ಉಳಿಯೋದು ಬ್ರೇಕ್ ಮಾತ್ರ. ಮುಂದೆ ಎಬಿಎಸ್ (ಗಟ್ಟಿಯಾಗಿ ಹಿಡಿದರೂ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋದು) ಇರುವ ಡಿಸ್ಕ್, ಹಿಂದೆ ಡ್ರಮ್. ಇಬ್ಬರು, ಬ್ಯಾಗು, ಸಾಲಾಗಿ ತಿರುವು. ಚಾರ್ಮಾಡಿಯ ಅರ್ಧ ದಾರಿಯಲ್ಲಿ ಹೆಂಡತಿ ಹಿಂದಿನಿಂದ ಭುಜ ತಟ್ಟಿ, "ರೀ, ಏನೋ ಸುಟ್ಟ ವಾಸನೆ" ಅಂದಳು. ಹಿಂದಿನ ಬ್ರೇಕ್ ಶೂ, ಅಂದರೆ ಡ್ರಮ್ ಒಳಗೆ ಒತ್ತಿ ಚಕ್ರ ತಡೆಯುವ ತುಂಡು, ಬಿಸಿಯಾಗಿತ್ತು. ಇದನ್ನು ಗಾಡಿಯ ತಪ್ಪು ಅನ್ನೋಕಾಗುವುದಿಲ್ಲ. ಪೇಟೆಗೆ ಅಂತ ಮಾಡಿದ ಗಾಡಿ. ಡ್ರಮ್ ಅಂದರೆ ಮುಚ್ಚಿದ ಪಾತ್ರೆ, ಒಳಗಿನ ಬಿಸಿ ಬೇಗ ಹೊರಗೆ ಬರುವುದಿಲ್ಲ. ಅಷ್ಟು ಹೊತ್ತು ಹಿಡಿದೇ ಇದ್ದರೆ ಯಾವ ಡ್ರಮ್ಮಾದರೂ ಕಾಯುತ್ತದೆ.

ಉಪ್ಪಳ್ಳಿ ಕಡೆ ನಾನು ಹೋಗುವ ಗ್ಯಾರೇಜ್‌ನವರನ್ನು ಎಲ್ಲರೂ ಭಾಯ್ ಅಂತಲೇ ಕರೆಯೋದು. ವಯಸ್ಸಾದವರು, ಮಾತು ಕಡಿಮೆ. ಏನೇನು ಮಾಡಿಸಬೇಕು ಅಂತ ನಾನು ಬರೆದುಕೊಂಡು ಹೋದ ಪಟ್ಟಿ ನೋಡಿ ನಕ್ಕರು. ಪಟ್ಟಿಯಲ್ಲಿ ಮೊದಲು ಇದ್ದದ್ದು ಬ್ರೇಕು. "ಬ್ರೇಕ್ ಆಮೇಲೆ ನೋಡಣಪ್ಪ. ಮೊದ್ಲು ಎಡಗಡೆ ಬಿಚ್ಚಣ" ಅಂದರು.

ಎಡಗಡೆ ಅಂದರೆ ಬೆಲ್ಟ್ ಇರುವ ಕಡೆ. ಸ್ಕೂಟರ್‌ನ ಗೇರ್ ಬಾಕ್ಸ್ ಅಂದರೆ ಅದೇ. ಮುಂದೊಂದು ಪುಲ್ಲಿ, ಹಿಂದೊಂದು ಪುಲ್ಲಿ, ನಡುವೆ ರಬ್ಬರ್ ಬೆಲ್ಟ್. ಮುಂದಿನ ಪುಲ್ಲಿಯ ಬೆನ್ನಿನಲ್ಲಿ ಆರು ಸಣ್ಣ ರೋಲರ್‌ಗಳು ಕೂತಿರುತ್ತವೆ. ಇಂಜಿನ್ ಜೋರಾಗಿ ತಿರುಗಿದಂತೆ ರೋಲರ್‌ಗಳು ಹೊರಕ್ಕೆ ಸಿಡಿದು ಪುಲ್ಲಿಯ ಒಂದು ತಟ್ಟೆಯನ್ನು ಒತ್ತುತ್ತವೆ. ತಟ್ಟೆಗಳು ಹತ್ತಿರ ಬಂದಂತೆ ಮುಂದೆ ಬೆಲ್ಟ್ ಮೇಲಕ್ಕೆ ಏರುತ್ತದೆ, ಹಿಂದೆ ಕೆಳಕ್ಕೆ ಇಳಿಯುತ್ತದೆ. ಬೈಕಿನ ಲೆಕ್ಕದಲ್ಲಿ ಟಾಪ್ ಗೇರ್ ಬಿತ್ತು ಅಂತ ಅರ್ಥ. ರೋಲರ್ ಹಗುರ ಆದರೆ ಒತ್ತೋಕೆ ಇಂಜಿನ್ ಇನ್ನೂ ಜೋರಾಗಿ ತಿರುಗಬೇಕು. ಹಾಗಾಗಿ ಅದೇ ವೇಗದಲ್ಲಿ ಗಾಡಿ ಇನ್ನೂ ಸಣ್ಣ ಗೇರ್‌ನಲ್ಲೇ ಇರುತ್ತದೆ. ಹತ್ತುವವರು ಈ ಕಾರಣಕ್ಕೆ ಹಗುರ ರೋಲರ್ ಹಾಕಿಸುತ್ತಾರೆ. ಭಾಯ್ ತಲೆಯಲ್ಲಿ ಇದ್ದದ್ದು ಬೇರೆ. ಸಣ್ಣ ಗೇರ್‌ನಲ್ಲಿದ್ದರೆ ಇಳಿಯುವಾಗಲೂ ಇಂಜಿನ್ ಜಾಸ್ತಿ ಹಿಡಿಯುತ್ತದೆ. ಬ್ರೇಕ್ ಮೇಲಿನ ಭಾರ ಅಷ್ಟು ಕಡಿಮೆ.

ಕವರ್ ಬಿಚ್ಚಿದಾಗ ಒಳಗೆಲ್ಲ ಬೆಲ್ಟ್ ಸವೆದ ಕಪ್ಪು ಪುಡಿ. ಗಾಳಿ ಹೊಡೆದು ಹಾರಿಸೋಕೆ ಅವರು ಬಿಡಲಿಲ್ಲ, ಅದು ಮೂಗಿಗೆ ಹೋಗಬಾರದು ಅಂತ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬ್ರಷ್ ಹಿಡಿದು ತೆಗೆದರು. ಹಳೆಯ ರೋಲರ್ ಒಂದನ್ನು ತೆಗೆದು ಸ್ಟೀಲ್ ತಟ್ಟೆಯ ಮೇಲೆ ಉರುಳಿಸಿದರು. ಸ್ವಲ್ಪ ದೂರ ಹೋಗಿ ಟಕ್ ಅಂತ ನಿಂತಿತು. ಮತ್ತೆ ತಳ್ಳಿದರೆ ಮತ್ತೆ ಅದೇ ಜಾಗದಲ್ಲಿ ಟಕ್. ಒಂದು ಕಡೆ ಚಪ್ಪಟೆಯಾಗಿತ್ತು, ಬೆರಳಿಟ್ಟರೆ ಗೊತ್ತಾಗುವಷ್ಟು. "ಇದು ಹೀಗಿದ್ರೆ ಗಾಡಿ ಒಂದೇ ಸಮ ಎಳೆಯಲ್ಲ, ತಡೆದು ತಡೆದು ಎಳೀತದೆ" ಅಂದರು. ನಿಜ, ಏರಿನಲ್ಲಿ ನಿಂತು ಹೊರಡುವಾಗ ಒಂದು ಸಣ್ಣ ನಡುಕ ಬರುತ್ತಿತ್ತು. ಕ್ಲಚ್ ಕೂರುವ ಬಟ್ಟಲಿನ ಒಳಮೈಯೂ ಕನ್ನಡಿ ತರ ಹೊಳೆಯುತ್ತಿತ್ತು. ಸ್ಯಾಂಡ್‌ಪೇಪರ್‌ನಲ್ಲಿ ಹೊಳಪು ತೆಗೆದಮೇಲೆ ನಡುಕ ಹೋಯಿತು.

ಎಷ್ಟು ಹಗುರ ಮಾಡಬೇಕು ಅನ್ನೋದರಲ್ಲಿ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಬೆಂಗಳೂರಿನ ಸ್ನೇಹಿತನೊಬ್ಬ ಮೂರು ಮೂರು ಗ್ರಾಂ ಇಳಿಸು ಅಂದಿದ್ದ. ಹಾಗೆ ಮಾಡಿದರೆ ಮೂಡಿಗೆರೆಗೆ ಹೋಗೋಷ್ಟರಲ್ಲಿ ಇಂಜಿನ್ ಕಿರುಚಿ ಕಿರುಚಿ ತಲೆನೋವು ಬರುತ್ತದೆ, ಪೆಟ್ರೋಲೂ ಕುಡಿಯುತ್ತದೆ. ನಾವು ಒಂದೊಂದಕ್ಕೆ ಒಂದೇ ಗ್ರಾಂ ಇಳಿಸಿದೆವು. ಹಿಂದಿನ ಪುಲ್ಲಿಯ ದೊಡ್ಡ ಸ್ಪ್ರಿಂಗ್ ಕಂಪನಿಯದ್ದೇ ಇರಲಿ ಅಂತ ಬಿಟ್ಟೆವು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಬೆಲ್ಟ್ ಬೇಗ ಸವೆಯುತ್ತದೆ.

ಮತ್ತೆ ಜೋಡಿಸುವಾಗ ಭಾಯ್ ಮಾಡಿದ ಒಂದು ಕೆಲಸವನ್ನು ಯಾರೇ ಇದಕ್ಕೆ ಕೈಹಾಕಿದರೂ ನೆನಪಿಟ್ಟುಕೊಳ್ಳಬೇಕು. ಹಿಂದಿನ ಪುಲ್ಲಿಯ ತಟ್ಟೆಗಳನ್ನು ಎರಡೂ ಕೈಯಲ್ಲಿ ಅಗಲಿಸಿ, ಬೆಲ್ಟನ್ನು ಅದರ ತಳಕ್ಕೆ ಇಳಿಸಿದರು. ಆಗ ಮುಂದೆ ಬೆಲ್ಟ್ ಸಡಿಲ ಆಗಿ ಜೋತುಬಿತ್ತು. ಆಮೇಲೇ ಮುಂದಿನ ನಟ್ ಬಿಗಿ ಮಾಡಿದ್ದು. ಹಾಗೆ ಮಾಡದಿದ್ದರೆ ಬೆಲ್ಟ್ ತಟ್ಟೆಯ ನಡುವೆ ಸಿಕ್ಕಿಕೊಳ್ಳುತ್ತದೆ. ನಟ್ ಬಿಗಿಯಾಯ್ತು ಅಂತ ನಮಗೆ ಅನ್ನಿಸುತ್ತದೆ, ನಿಜಕ್ಕೂ ಬಿಗಿಯಾಗಿರೋದು ಬೆಲ್ಟ್ ಮೇಲೆ. ನಾಲ್ಕು ಮೈಲಿ ಹೋದಮೇಲೆ ಬೆಲ್ಟ್ ಜಾಗಕ್ಕೆ ಕೂರುತ್ತದೆ, ನಟ್ ಸಡಿಲ ಆಗುತ್ತದೆ. ಘಾಟಿಯಲ್ಲಿ ಆ ನಟ್ ಬಿಚ್ಚಿಕೊಂಡರೆ ಪುಲ್ಲಿಯೂ ಹಾಳು, ಇಂಜಿನ್ ಶಾಫ್ಟೂ ಹಾಳು. ಕೊನೆಗೆ, ಬೇಕಾದಷ್ಟು ಬಿಗಿಯಾದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಹಿಡಿದು, ಅದು ಕಟ್ ಅನ್ನುವ ತನಕ ತಿರುಗಿಸಿದರು.

ಕವರ್ ಮುಚ್ಚುವ ಮುಂಚೆ ಮಾರ್ಕರ್ ಪೆನ್ ತಗೊಂಡು ಪುಲ್ಲಿಯ ಮುಖದ ಮೇಲೆ ನಡುವಿನಿಂದ ಅಂಚಿನವರೆಗೆ ಗೆರೆ ಎಳೆದರು. ಕಡೂರು ರಸ್ತೆಯಲ್ಲಿ ಉದ್ದಕ್ಕೆ ಓಡಿಸಿಕೊಂಡು ಬಾ ಅಂದರು. ಹೋಗಿ ಬಂದು ಬಿಚ್ಚಿ ನೋಡಿದರೆ ಗೆರೆ ಬಹುತೇಕ ಅಂಚಿನ ತನಕ ಅಳಿಸಿಹೋಗಿತ್ತು. ಬೆಲ್ಟ್ ಅಷ್ಟು ಮೇಲಕ್ಕೆ ಏರುತ್ತಿದೆ, ಅಂದರೆ ಟಾಪ್ ಗೇರ್ ಪೂರ್ತಿ ಸಿಗುತ್ತಿದೆ, ರೋಲರ್ ತೀರಾ ಹಗುರ ಆಗಿಲ್ಲ. ಯಾವ ಮೀಟರೂ ಇಲ್ಲ, ಕಂಪ್ಯೂಟರೂ ಇಲ್ಲ. ಒಂದು ಮಾರ್ಕರ್ ಪೆನ್ನು.

ಆಮೇಲೆ ಬ್ರೇಕ್. ಹಿಂದೆ ಹೊಸ ಶೂ, ಡ್ರಮ್ ಒಳಗೆ ಸ್ವಚ್ಛ. ಶೂ ಅಗಲಿಸುವ ಕ್ಯಾಮ್‌ಗೆ ಗ್ರೀಸ್ ತುಸುವೇ ತುಸು. ಜಾಸ್ತಿ ಹಾಕಿದರೆ ಬಿಸಿಗೆ ಕರಗಿ ಶೂ ಮೇಲೆ ಹರಿಯುತ್ತದೆ. ಮುಂದೆ ಪ್ಯಾಡ್ ಬದಲಾಯಿಸಿ, ಬ್ರೇಕ್ ಆಯಿಲ್ ಪೂರ್ತಿ ತೆಗೆದು ಡಾಟ್ 4 ದರ್ಜೆಯ ಹೊಸ ಆಯಿಲ್ ತುಂಬಿದೆವು. ಈ ಆಯಿಲ್ ವಿಷಯ ನಮ್ಮ ಮಲೆನಾಡಿನವರು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿಕೊಂಡದ್ದಕ್ಕೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದ್ದರೆ ಪೈಪಿನೊಳಗೆ ಆವಿ, ಲಿವರ್ ಹಿಡಿದರೆ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಬಟ್ಟೆಯೇ ಒಣಗದ ಊರಿನಲ್ಲಿ ಬ್ರೇಕ್ ಆಯಿಲ್ ಒಣಗಿರುತ್ತಾ? ನಾನು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ. ಇಡೀ ಪಟ್ಟಿಯಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಕೊಟ್ಟ ಕೆಲಸ ಇನ್ನೊಂದಿಲ್ಲ.

ಹಿಂದೆಯೂ ಡಿಸ್ಕ್ ಹಾಕಿಸು ಅಂತ ಹೇಳಿದವರಿದ್ದಾರೆ. ಬೇಡ ಅಂದೆ. ಚಕ್ರ, ಹಬ್, ಡಿಸ್ಕನ್ನು ಅದುಮುವ ಕ್ಯಾಲಿಪರ್ ಕೂರಿಸೋ ತುಂಡು ಎಲ್ಲ ಹೊಸದಾಗಿ ಮಾಡಿಸಬೇಕು. ಯಾರೋ ವೆಲ್ಡ್ ಮಾಡಿದ ತುಂಡಿನ ಮೇಲೆ ನಂಬಿಕೆ ಇಟ್ಟು ಚಾರ್ಮಾಡಿ ಇಳಿಯೋದು ನನ್ನ ಕೈಯಲ್ಲಿ ಆಗುವುದಿಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ, ಕಂಪನಿ ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಹಾಗಾಗಿ ನಾನು ಹಾಕಿಕೊಂಡ ಗೆರೆ ಇಷ್ಟು: ಇಂಜಿನ್ ಮುಟ್ಟೋದಿಲ್ಲ, ಸೈಲೆನ್ಸರ್ ಮುಟ್ಟೋದಿಲ್ಲ, ಚೌಕಟ್ಟಿಗೆ ವೆಲ್ಡಿಂಗ್ ಇಲ್ಲ, ಟೈರ್ ಅಳತೆ ಬದಲಿಲ್ಲ. ಹಾಕಿದ್ದನ್ನೆಲ್ಲ ಸ್ಪ್ಯಾನರ್ ಹಿಡಿದು ವಾಪಸ್ ಬಿಚ್ಚೋಕೆ ಬರಬೇಕು. ಸೈಲೆನ್ಸರ್ ಕಿತ್ತು ಗಿರಿಯ ಮೇಲೆ ಭರ್ ಅನ್ನಿಸುವ ಹುಡುಗರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ, ಅದು ಬೇರೆ ಮಾತು.

ಟೈರ್ ಮುಂದೆ 110/80-14, ಹಿಂದೆ 140/70-14. ಅದೇ ಅಳತೆಯಲ್ಲಿ ನೀರು ಹೊರಹಾಕುವ ಆಳದ ಕಚ್ಚು ಇರುವ ಜೋಡಿ ಹುಡುಕಿ ಹಾಕಿಸಿದೆ. ಕೆಸರಿನಲ್ಲಿ ಓಡುವ ದಪ್ಪ ಕಟ್ಟೆಯ ಟೈರ್ ನೋಡೋಕೆ ಚೆಂದ. ಆದರೆ ನಾವು ಓಡಿಸೋದು ಹೆಚ್ಚಾಗಿ ಒದ್ದೆ ಟಾರು, ಬಿಸಿಲೆ ಘಾಟಿ ಕಡೆಯ ಪಾಚಿ ಹಿಡಿದ ಕಾಂಕ್ರೀಟು. ಅಲ್ಲಿ ಮೆತ್ತನೆ ರಬ್ಬರ್ ಬೇಕು.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ದುಡ್ಡು ಹೆಚ್ಚು ಹೋಯಿತು. ನೆಲದಿಂದ ಗಾಡಿ ಹೊಟ್ಟೆಗೆ ಇರೋದು 145 ಮಿಲಿಮೀಟರ್. ಇಬ್ಬರು ಕೂತು ಬ್ಯಾಗು ಹೇರಿದರೆ ಅದೂ ಇರುವುದಿಲ್ಲ. ದೊಡ್ಡ ಹಂಪ್‌ಗಳಲ್ಲಿ ಡಬಲ್ ಸ್ಟ್ಯಾಂಡ್ ಕೆರೆದು ಎದೆ ಝಲ್ ಅನ್ನುತ್ತಿತ್ತು. ಉದ್ದದ ಶಾಕ್ ಹಾಕಿ ಹಿಂಭಾಗ ಎತ್ತಿಸೋದು ಸುಲಭದ ದಾರಿ. ಹಾಗೆ ಮಾಡಿದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ನೆಟ್ಟಗಾಗಿ ಹ್ಯಾಂಡಲ್ ಚಂಚಲ ಆಗುತ್ತದೆ, ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಬೀಳೋ ಹಾಗೆ ವಾಲುತ್ತದೆ. ನಾನು ಅದೇ ಉದ್ದದ, ಸ್ಪ್ರಿಂಗ್ ಬಿಗಿ ಮಾಡೋಕೆ ಬರುವ ಜೋಡಿ ಹಾಕಿಸಿದೆ. ಒಬ್ಬನೇ ಇದ್ದಾಗ ಸಡಿಲ, ಇಬ್ಬರಿದ್ದಾಗ ಬಿಗಿ. ಮುಂದಿನ ಫೋರ್ಕ್‌ಗೆ ಒಂದು ಹಂತ ದಪ್ಪದ ಆಯಿಲ್. ಬ್ರೇಕ್ ಹಿಡಿದಾಗ ಮುಂದಿನ ಭಾಗ ದಡಕ್ಕನೆ ಕುಸಿಯೋದು ನಿಂತಿತು. ನನ್ನ ಮಾವ ಆಲ್ದೂರಿನವರು, ಬಿಲ್ ನೋಡಿ, "ಅಲ್ಲ ಅಳಿಯಂದ್ರೆ, ಇನ್ನೊಂದಿಷ್ಟು ಸೇರ್ಸಿದ್ರೆ ಹಳೇ ಬುಲೆಟ್ ಬರ್ತಿತ್ತಲ್ಲ" ಅಂದರು. ಅವರ ಮಗಳೇ ಉತ್ತರ ಕೊಟ್ಟಳು: "ಬುಲೆಟ್ ಹಿಂದೆ ನೀವು ಕೂತ್ಕೊಂಡು ಹೋಗಿ ಅಪ್ಪಾಜಿ."

ಹೊಟ್ಟೆಯಡಿಗೆ ಅಲ್ಯೂಮಿನಿಯಂ ತಗಡು ಹಾಕಿಸುವಾಗ ಒಂದು ಗಮನ ಬೇಕು. ಸ್ಕೂಟರ್‌ನ ಇಂಜಿನ್ ಚೌಕಟ್ಟಿಗೆ ಕಚ್ಚಿಕೊಂಡು ಸುಮ್ನೆ ಇರುವುದಿಲ್ಲ, ಹಿಂದಿನ ಚಕ್ರದ ಜೊತೆಗೇ ಮೇಲೆ ಕೆಳಗೆ ಆಡುತ್ತದೆ. ತಗಡು ಇಂಜಿನ್ ಅಡಿಯವರೆಗೆ ಬಂದರೆ ಹೊಂಡದಲ್ಲಿ ಎರಡೂ ಬಡಿದುಕೊಳ್ಳುತ್ತವೆ. ಹಾಗಾಗಿ ಮುಂಭಾಗದ ಚೌಕಟ್ಟಿನ ಅಡಿಗೆ ಮಾತ್ರ ಹಾಕಿಸಿದ್ದು. ಬಲಗಡೆ ಇಂಜಿನ್ ಪಕ್ಕಕ್ಕೇ ರೇಡಿಯೇಟರ್ ಇದೆ, ಅದನ್ನು ಯಾವ ಕಾರಣಕ್ಕೂ ಮುಚ್ಚಬಾರದು. ನಮ್ಮ ಕೆಂಪು ಮಣ್ಣು ಅದರ ಸಂದಿಗೆ ಮೆತ್ತಿಕೊಂಡು ಒಣಗಿದರೆ ಗಾಳಿ ಆಡುವುದಿಲ್ಲ. ಪ್ರತಿ ಸಲ ಬಂದಮೇಲೆ ಬಕೆಟ್ ನೀರು ಸುರಿದು ತೊಳೆಯುತ್ತೇನೆ. ವಾಟರ್ ಸರ್ವಿಸ್‌ನವರ ಜೋರು ನೀರಿಗೆ ಅದರ ತೆಳು ಪಟ್ಟಿಗಳು ಮಡಚಿಕೊಳ್ಳುತ್ತವೆ.

ಕ್ಯಾರಿಯರ್ ಮಾಡಿಸಿದ್ದು ಕಾಫಿ ತೋಟಕ್ಕೆ ಗೇಟು, ಟ್ರಾಲಿ ಮಾಡುವ ವೆಲ್ಡಿಂಗ್ ಶಾಪಿನಲ್ಲಿ. ಸೀಟಿನ ಹಿಂದಿನ ಹಿಡಿಕೆ ಬೋಲ್ಟ್ ಇರುವ ಜಾಗಕ್ಕೇ ಕೂರುವ ಹಾಗೆ, ಅದುರಿದರೂ ಸಡಿಲ ಆಗದ ನೈಲಾಕ್ ನಟ್ ಹಾಕಿ. ಅದರ ಮೇಲೆ ಬಾಕ್ಸ್. ಇಲ್ಲೂ ಬೆಟ್ಟಕ್ಕೆ ಬೇರೆ ಲೆಕ್ಕ. ಸ್ಕೂಟರ್‌ನಲ್ಲಿ ಇಂಜಿನ್ನೇ ಹಿಂದೆ ಇದೆ, ಹಿಂದೆ ಕೂತವರ ಭಾರವೂ ಹಿಂದೆಯೇ. ಬಾಕ್ಸ್ ಹಿಂದಿನ ಚಕ್ರದ ಅಚ್ಚಿಗಿಂತಲೂ ಆಚೆ ನೇತಾಡುತ್ತದೆ. ಅದಕ್ಕೆ ಭಾರ ತುಂಬಿ ಕಡಿದಾದ ತಿರುವು ಹತ್ತಿದರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಮಾತೇ ಕೇಳುವುದಿಲ್ಲ. ಈಗ ಬಾಕ್ಸ್‌ನಲ್ಲಿ ಇರೋದು ರೇನ್‌ಕೋಟ್, ಬಟ್ಟೆ, ಹೆಂಡತಿಯ ಶಾಲು. ಸ್ಪ್ಯಾನರ್, ಪಂಕ್ಚರ್ ಕಿಟ್, ಗಾಳಿ ಪಂಪ್ ಸೀಟಿನ ಕೆಳಗೆ. ಅಲ್ಲಿ 24.5 ಲೀಟರ್ ಜಾಗ ಇದೆ. ನೀರಿನ ಬಾಟಲ್ ಮತ್ತು ತಿಂಡಿ, ಎರಡು ಕಾಲಿನ ನಡುವೆ ಬರುವ ದಿಂಡಿನ ಮೇಲೆ ಕಟ್ಟಿದ ಸಣ್ಣ ಬ್ಯಾಗಿನಲ್ಲಿ. ಒಂದೇ ತಾಪತ್ರಯ, ಪೆಟ್ರೋಲ್ ಮುಚ್ಚಳವೂ ಆ ದಿಂಡಿನಲ್ಲೇ ಇದೆ. ಬಂಕ್‌ನಲ್ಲಿ ಬ್ಯಾಗ್ ಬಿಚ್ಚುವಷ್ಟರಲ್ಲಿ ಹಿಂದಿನವರು ಹಾರ್ನ್ ಶುರು ಮಾಡುತ್ತಾರೆ. ಟ್ಯಾಂಕ್ 5.5 ಲೀಟರ್ ಮಾತ್ರ, ಹಾಗಾಗಿ ಬಂಕ್ ಕಂಡಲ್ಲಿ ತುಂಬಿಸೋದೇ. ಕಾಡಿನ ರಸ್ತೆಯಲ್ಲಿ ಮುಂದೆ ಸಿಗುತ್ತೆ ಅಂತ ನಂಬಿಕೊಂಡು ಹೋಗೋಕಾಗುವುದಿಲ್ಲ.

ಗಾಳಿ ತಡೆಯೋಕೆ ಮುಂದೊಂದು ಗಾಜು ಹಾಕಿಸಿದೆ, ಗಲ್ಲದ ಎತ್ತರಕ್ಕೆ. ಅದಕ್ಕಿಂತ ಎತ್ತರ ಬೇಡ. ಮಂಜಿನಲ್ಲಿ ಅದರ ಮೇಲೆಲ್ಲ ಹನಿ ಕೂರುತ್ತದೆ, ಗಾಜಿನ ಮೂಲಕ ನೋಡುವ ಹಾಗಿದ್ದರೆ ಕುರುಡೇ ಗತಿ. ಗಾಜಿನ ಮೇಲಿಂದ ರಸ್ತೆ ಕಾಣಬೇಕು. ಹೆಚ್ಚಿನ ಲೈಟ್ ಹಾಕಿಸಲಿಲ್ಲ. ಹಳದಿ ಲೈಟ್ ಮಂಜನ್ನು ಸೀಳುತ್ತದೆ ಅಂತ ಹೇಳುತ್ತಾರೆ. ಬಣ್ಣಕ್ಕಿಂತ ಮುಖ್ಯ ಬೆಳಕು ತಗ್ಗಿನಲ್ಲಿ, ಅಗಲಕ್ಕೆ ಬೀಳೋದು. ಹಿಂದೆ ಭಾರ ಬಿದ್ದಾಗ ಮೂತಿ ಮೇಲೆದ್ದು ಹೆಡ್‌ಲೈಟ್ ಮರದ ತುದಿ ತೋರಿಸುತ್ತಿತ್ತು. ಇಬ್ಬರೂ ಕೂತು, ಗೋಡೆಗೆ ಬೆಳಕು ಬಿಟ್ಟು, ಸ್ಕ್ರೂ ತಿರುಗಿಸಿ ತಗ್ಗಿಸಿದೆವು. ಮಂಜಿನಲ್ಲಿ ಡಿಪ್ ಲೈಟೇ ಹಾಕಬೇಕು. ಅಪ್ಪರ್ ಹಾಕಿದರೆ ಎದುರಿಗೆ ಬಿಳಿ ಗೋಡೆ.

ಎಲ್ಲ ಮುಗಿದಮೇಲೆ ಮತ್ತೆ ಚಾರ್ಮಾಡಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟೆವು. ಮಳೆ ಬಿಟ್ಟಿತ್ತು, ರಸ್ತೆ ಒದ್ದೆ. ಹೊಸ ರೋಲರ್‌ನ ಗುಣ ಮೊದಲ ಇಳಿಜಾರಿನಲ್ಲೇ ಗೊತ್ತಾಯಿತು. ಆಕ್ಸಿಲರೇಟರ್ ಬಿಟ್ಟರೆ ಯಾರೋ ಹಿಂದಿನಿಂದ ಮೆತ್ತಗೆ ಎಳೆದು ಹಿಡಿದಂತೆ. ತುಂಬಾ ಅಲ್ಲ, ಸ್ವಲ್ಪ. ಆ ಸ್ವಲ್ಪವೇ ಬ್ರೇಕನ್ನು ಉಳಿಸುತ್ತದೆ.

ಉಳಿದದ್ದು ಕೈಯಲ್ಲಿ ಇದೆ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಬೇಕು. ಉದ್ದಕ್ಕೂ ಸ್ವಲ್ಪ ಸ್ವಲ್ಪ ಒತ್ತಿಕೊಂಡೇ ಇದ್ದರೆ ಬಿಸಿ ಆರೋಕೆ ಸಮಯವೇ ಸಿಗುವುದಿಲ್ಲ. ತಿರುವಿನಲ್ಲಿ ಕ್ಲಚ್ ಬಿಟ್ಟುಕೊಂಡು ಗಾಡಿ ಜಾರೋಕೆ ಶುರುವಾದರೆ ಆಕ್ಸಿಲರೇಟರ್ ಒಂದು ಚೂರು ಕೊಟ್ಟು ಬಿಡಬೇಕು. ಒಳಗೆ ಕ್ಲಚ್ ಮತ್ತೆ ಕಚ್ಚಿಕೊಳ್ಳುತ್ತದೆ, ಇಂಜಿನ್ ಹಿಡಿತ ವಾಪಸ್ ಬರುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಕೊಡೋದು ಮೊದಮೊದಲು ವಿಚಿತ್ರ ಅನ್ನಿಸುತ್ತದೆ. ಕೈಗೆ ಅಭ್ಯಾಸ ಆದಮೇಲೆ ತಾನಾಗೇ ಬರುತ್ತದೆ. ಬಸ್ಸು, ಲಾರಿ ಎದುರಿಗೆ ಬಂದರೆ ನಾನೇ ಪಕ್ಕಕ್ಕೆ ನಿಲ್ಲುತ್ತೇನೆ. ಡ್ರಮ್‌ಗೂ ಒಂದು ವಿರಾಮ. ಜಲಪಾತದ ಹತ್ತಿರ ತಿರುವಿನ ನಟ್ಟ ನಡುವೆ ಕಾರು ನಿಲ್ಲಿಸಿ ಫೋಟೋ ತೆಗೆಯುವವರಿಗೆ ಏನು ಹೇಳೋದೋ ಗೊತ್ತಿಲ್ಲ.

ಕೆಳಗೆ ಇಳಿದು ಉಜಿರೆ ದಾರಿಯಲ್ಲಿ ನಿಲ್ಲಿಸಿದಾಗ ಹೆಂಡತಿಯನ್ನು ಕೇಳಿದೆ, ವಾಸನೆ ಬಂತಾ ಅಂತ. "ಇಲ್ಲಪ್ಪ. ಬರೀ ನಿಮ್ಮ ರೇನ್‌ಕೋಟ್ ವಾಸನೆ" ಅಂದಳು. ಡ್ರಮ್ ಹತ್ತಿರ ಕೈ ಒಡ್ಡಿ ನೋಡಿದೆ. ಬಿಸಿ ಇತ್ತು, ಇರಲೇಬೇಕು. ಲಿವರ್ ಮಾತ್ರ ಮೇಲೆ ಹೊರಟಾಗ ಎಷ್ಟು ಗಟ್ಟಿ ಇತ್ತೋ ಕೆಳಗೂ ಅಷ್ಟೇ ಗಟ್ಟಿ.

ಸಕಲೇಶಪುರದ ಕಡೆಯಿಂದ ಬಿಸಿಲೆ ಘಾಟಿ ಇಳಿದು ಕುಕ್ಕೆಗೆ ಹೋದಾಗ ಇನ್ನೊಂದು ಪಾಠ. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಎಲ್ಲರೂ ಸೈಲೆನ್ಸರ್ ಒಳಗೆ ನೀರು ಹೋಗುತ್ತಾ ಅಂತ ನೋಡುತ್ತಾರೆ. ಸ್ಕೂಟರ್‌ನಲ್ಲಿ ನೋಡಬೇಕಾದದ್ದು ಎಡಗಡೆಯ ಬೆಲ್ಟ್ ಕೋಣೆ. ಅದು ತಣ್ಣಗಾಗೋಕೆ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ನೀರು ಸಿಕ್ಕಿದರೆ ನೀರನ್ನೂ. ಬೆಲ್ಟ್ ಒದ್ದೆಯಾದರೆ ಇಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಅದಕ್ಕೇ ಪಾದ ಮುಳುಗುವಷ್ಟು ನೀರಿದ್ದರೆ ನಡೆದ ವೇಗದಲ್ಲಿ ದಾಟುತ್ತೇನೆ. ಅದಕ್ಕಿಂತ ಜಾಸ್ತಿ ಇದ್ದರೆ ದಾಟುವುದೇ ಇಲ್ಲ, ಎಷ್ಟು ಹೊತ್ತಾದರೂ ಕಾಯುತ್ತೇನೆ. ಆಚೆ ದಡ ಸೇರಿದಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ಒಂದಿಷ್ಟು ಹೊತ್ತು ಇಂಜಿನ್ ಓಡಿಸಿ ಬೆಲ್ಟ್ ಒಣಗಿಸಿಕೊಳ್ಳೋದು. ಬ್ರೇಕೂ ಅಷ್ಟೇ, ಎರಡು ಸಲ ಹಿಡಿದು ಬಿಟ್ಟು ಒಣಗಿಸಿಕೊಂಡೇ ಹೊರಡೋದು.

ಮೈಲೇಜ್ ಲೀಟರಿಗೆ ಎರಡು ಮೂರು ಕಿಲೋಮೀಟರ್ ಕಡಿಮೆಯಾಗಿದೆ. ಕಡೂರು ಆಚೆ ನೇರ ರಸ್ತೆಯಲ್ಲಿ ಇಂಜಿನ್ ಸದ್ದು ಮೊದಲಿಗಿಂತ ಜಾಸ್ತಿ. ಬಯಲುಸೀಮೆ ಕಡೆಗೇ ಹೆಚ್ಚು ಓಡಾಡುವವರಿಗೆ ಈ ರೋಲರ್ ಬೇಡ. ನನಗೆ ನಡೆಯುತ್ತದೆ.

ಈಗ ಉಳಿದಿರುವ ಕೆಲಸ ಬೆಲ್ಟಿನದು. ಅಂಚಿನಲ್ಲಿ ಸಣ್ಣ ಬಿರುಕು ಕಾಣುತ್ತಿದೆ ಅಂತ ಭಾಯ್ ಹೋದ ಸಲ ಬಿಚ್ಚಿದಾಗ ತೋರಿಸಿದರು. ಬೆಲ್ಟ್ ಬದಲಾಯಿಸೋಕೆ ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಇನ್ನೂ ಆಗಿಲ್ಲ. ಆದರೆ ಪುಸ್ತಕ ಬರೆದವರು ವಾರವಾರ ಗಿರಿ ಹತ್ತಿ ಇಳಿದಿರಲಿಕ್ಕಿಲ್ಲ. ಗೇರ್ ಬೈಕಿನ ಚೈನ್ ತುಂಡಾದರೆ ಪಕ್ಕದ ಊರಿನಲ್ಲಿ ಯಾರಾದರೂ ಜೋಡಿಸಿ ಕೊಡುತ್ತಾರೆ. ಸ್ಕೂಟರ್ ಬೆಲ್ಟ್ ತುಂಡಾದರೆ ಗಾಡಿಯನ್ನು ಪಿಕಪ್‌ನಲ್ಲಿ ಹಾಕಿಕೊಂಡೇ ಬರಬೇಕು. ಹೊಸ ಬೆಲ್ಟ್ ಆರ್ಡರ್ ಮಾಡಿದ್ದೇನೆ, ಮಳೆ ಹಿಡಿಯೋ ಮುಂಚೆ ಹಾಕಿಸಬೇಕು.